ಬಾವಲಿಗಳಿಗಾಗಿ ಕಾದ ಮುಹೂರ್ತ

೧೯೫೮ರ ವೈಶಾಖದಲ್ಲಿ ನನ್ನ ಮದುವೆಯಾಯಿತು. ಆಗ ನಾನು ಮಧುಗಿರಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ತಂದೆ ಇಲ್ಲದ ನನಗೆ ಸೋದರಮಾವನೇ ಹಿರಿಯ. ಕೊರಟಗೆರೆ ಕಡೆ ಗುಡ್ಡದ ಬುಡದ ಹಳ್ಳಿಯೊಂದರಲ್ಲಿ ಹೆಣ್ಣು ನೋಡಿ, ಮಾತುಕತೆ ಮುಗಿಸಿ ಬಂದವನೂ ಅವನೇ. ಹೆಣ್ಣಿನ ಹೆಸರು ಕದುರಮ್ಮ ಎಂಬುದಷ್ಟೇ ನನಗೆ ಗೊತ್ತು, ಮುಖ ನೋಡಿರಲಿಲ್ಲ.

ಹೆಣ್ಣಿನ ಕಡೆಯವರು ಕೇಳಿದ್ದು ಒಂದೇ: ಮುಹೂರ್ತ ಗೋಧೂಳಿಗೆ ಇರಲಿ, ಹಗಲು ಹೊತ್ತು ಓಲಗ, ಪಟಾಕಿ ಬೇಡ. ಕಾರಣ ಹೇಳಲು ಬಾಯಿ ತೆರೆದವರನ್ನು ಮಾವ ಮಾತಾಡಲು ಬಿಟ್ಟಿರಲಿಲ್ಲ. "ಓಲಗದೋರಿಗೆ ಕೊಡಾಕೆ ಕೈ ಬರಲ್ಲ, ಅದಕ್ಕೇ ಈ ಸಬೂಬು ಕಣ್ಲಾ" ಎಂದು ನನಗೆ ಹೇಳಿದ. ಮಧ್ಯಾಹ್ನದ ಮುಹೂರ್ತವನ್ನೇ ಗಟ್ಟಿ ಮಾಡಿ, ಓಲಗದವರನ್ನು ಮಧುಗಿರಿಯಿಂದಲೇ ಹೊರಡಿಸಿದ. ಢಂ ಎಂದು ಸಿಡಿಯುವ ಮದ್ದಿನ ಗರ್ನಾಲು ಶಿರಾದಿಂದ ಬಂತು. ಮಾವನ ಜಂಬ ಅಂಥದ್ದು.

ಬೆಳಗ್ಗೆ ನಮ್ಮ ಗಾಡಿಗಳು ಊರ ಮುಂದೆ ನಿಂತವು. ಬೀದಿಯ ನಡುವೆ ಭಾರಿ ಆಲದ ಮರ, ಅದರ ಪಕ್ಕದಲ್ಲೇ ಮದುವೆಯ ಚಪ್ಪರ. ಮರದ ತುಂಬ ಕಪ್ಪಗೆ ಏನೋ ಜೋತಾಡುತ್ತಿತ್ತು, ಒಣಗಿದ ಎಲೆ ಇರಬೇಕು ಅಂದುಕೊಂಡೆ. ಹೆಣ್ಣಿನ ತಂದೆ ಎರಡೂ ಕೈ ಬೀಸುತ್ತ, "ಬ್ಯಾಡ್ರಪ್ಪೋ, ಬ್ಯಾಡ್ರಿ!" ಎಂದು ಓಡಿ ಬಂದರು. ಅಷ್ಟರಲ್ಲಿ ಮಾವ ಗರ್ನಾಲಿಗೆ ಕಿಡಿ ಮುಟ್ಟಿಸಿಯಾಗಿತ್ತು.

ಢಂ ಎಂದದ್ದೇ ತಡ, ಎಲೆಗಳೆಂದುಕೊಂಡದ್ದೆಲ್ಲ ಚೀರುತ್ತ ಮೇಲೆದ್ದವು. ದೊಡ್ಡ ದೊಡ್ಡ ಬಾವಲಿಗಳು! ಬಿಸಿಲೇ ಮರೆಯಾಯಿತು. ಎತ್ತುಗಳು ಬೆದರಿ ನೊಗ ಎಳೆದಾಡಿದವು. ಅದು ಮರಿಗಳ ಕಾಲ. ತಾಯಿಯ ಎದೆಗೆ ಅಂಟಿಕೊಂಡಿದ್ದ ಮರಿಯೊಂದು ಜಾರಿ ಚಪ್ಪರದ ಗರಿಯ ಮೇಲೆ ಬಿದ್ದು, ಅಲ್ಲಿಂದ ನೆಲಕ್ಕುರುಳಿತು.

ಮನೆಯೊಳಗಿಂದ ಒಬ್ಬಳು ಓಡಿ ಬಂದಳು. ಮುಖದ ತುಂಬ ಅರಿಸಿನ, ಕೈ ತುಂಬ ಹೊಸ ಬಳೆ, ಮದುವಣಗಿತ್ತಿಯೇ! ಮರಿಯನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು, "ಏಣಿ ಹಾಕ್ರೋ" ಎಂದಳು. ಸೀರೆ ಎತ್ತಿ ಕಟ್ಟಿ, ನಮ್ಮ ದಿಬ್ಬಣವೆಲ್ಲ ಕಣ್ಣು ಬಾಯಿ ಬಿಟ್ಟು ನೋಡುತ್ತಿರುವಂತೆಯೇ ಮರ ಹತ್ತಿ, ಮರಿಯ ಕಾಲನ್ನು ಕೊಂಬೆಗೆ ಕಚ್ಚಿಸಿ ಇಳಿದಳು. "ಎಲ್ರೂ ಹಿಂದಕ್ಕೆ ಸರೀರಿ. ಅದರ ತಾಯಿ ಬರಾದು ಬ್ಯಾಡ್ವಾ?"

ಎಲ್ಲರೂ ಸರಿದೆವು. ಮರಿ ಕಿಚಗುಟ್ಟುತ್ತಲೇ ಇತ್ತು. ಬಾವಲಿಯೊಂದು ಸುತ್ತು ಹಾಕಿ ಹಾಕಿ ಕೊನೆಗೆ ಅದರ ಪಕ್ಕ ಬಂದು ಜೋತು ಬಿತ್ತು, ಮರಿಯನ್ನು ರೆಕ್ಕೆಯೊಳಗೆ ಎಳೆದುಕೊಂಡಿತು. ಉಳಿದವೂ ಒಂದೊಂದಾಗಿ ಕೊಂಬೆಗಳಿಗೆ ಮರಳಿದವು. ಕದುರಮ್ಮ ಕತ್ತೆತ್ತಿ ನೋಡಿ ನಕ್ಕಳು. ಅವಳ ಮುಖವನ್ನು ನಾನು ಮೊದಲು ನೋಡಿದ್ದು ಹಾಗೆ. ಮನಸ್ಸು ಅಲ್ಲೇ ಸೋತಿತು.

ಮಾವನಿಗೆ ಮಾತ್ರ ಮೈಯೆಲ್ಲ ಉರಿ. "ಮದುವಣಗಿತ್ತಿ ಮರ ಹತ್ತಾದಾ? ಬಾವ್ಲಿ ಮುಟ್ಟಿದ ಕೈಗೆ ಧಾರೆ ಎರೀಬೇಕಾ? ಗಾಡಿ ತಿರುಗಿಸ್ರೋ!"

ಹೆಣ್ಣಿನ ತಂದೆ ಕೈಮುಗಿದು ನಿಂತುಬಿಟ್ಟರು. ಮದುವೆ ಮುರಿದೇ ಹೋಯಿತು ಅಂದುಕೊಂಡೆ. ಮಾವನೆದುರು ಅದುವರೆಗೆ ಒಂದು ಸಲವೂ ಬಾಯಿ ತೆರೆಯದ ನಾನು, "ಮಾವ, ಸಂಜೆಗಂಟ ಕಾಯಾನ. ನಂಗೆ ಇವಳೇ ಆಗ್ಬೇಕು" ಅಂದುಬಿಟ್ಟೆ.

"ತಾಳಿ ಕಟ್ಟೋಕ್ ಮುಂಚೆನೇ ಹೆಂಡ್ತಿ ಕಡೆ ಸೇರ್ಕೊಂಡ್ಬುಟ್ಟ ನೋಡ್ರಪ್ಪ!" ಎಂದ ಮಾವ. ಯಾರೋ ಕಿಸಕ್ಕೆಂದರು. ನಗುವಿನ ಸಂದಿಯಲ್ಲೇ ಪುರೋಹಿತರು ಪಂಚಾಂಗ ತಿರುವಿ, ಗೋಧೂಳಿ ಲಗ್ನ ಚೆನ್ನಾಗಿಯೇ ಇದೆ ಎಂದರು. ಮಾವ ಗೊಣಗುತ್ತ ಚಪ್ಪರದ ಕಂಬಕ್ಕೆ ಒರಗಿ ಕೂತ. ಗಾಡಿ ತಿರುಗಲಿಲ್ಲ.

ಮಧ್ಯಾಹ್ನವೆಲ್ಲ ಊರಿಗೆ ಊರೇ ಪಿಸುಮಾತಿನಲ್ಲಿತ್ತು. ಓಲಗದವರು ಡೋಲನ್ನೇ ತಲೆದಿಂಬು ಮಾಡಿಕೊಂಡು ಮಲಗಿದರು. ಕದುರಮ್ಮನ ಅಜ್ಜಿ ಮಜ್ಜಿಗೆ ತಂದು ಮಾವನ ಮುಂದಿಟ್ಟು, ಪಕ್ಕದಲ್ಲೇ ಕೂತರು.

"ಗುಡ್ಡದ್ ಮ್ಯಾಲೆ ಇಪ್ಪೆ ಮರ ಅವೆ ಕಣಪ್ಪ. ರಾತ್ರಿ ಇವು ಅಲ್ಲಿಗೋಗಿ ಹಣ್ಣು ತಿಂತವೆ, ಇಲ್ಲಿಗೂ ಕಚ್ಕೊಂಡ್ ಬರ್ತವೆ. ಬೀಜ ಮರದ ಕೆಳಗೆ ಉದುರಿಸ್ತವೆ. ನಾವು ಗುಡಿಸ್ಕೊಂಡು ಎಣ್ಣೆ ತೆಗೀತೀವಿ. ನಮ್ಮ ಊರಿನ ದೀಪ ಉರಿಯಾದೇ ಅದ್ರಾಗೆ. ಹಿಂಡಿ ಹೊಲಕ್ಕೆ."

"ಆ ಇಪ್ಪೆ ಮರಗಳ್ನ ಕಡಿದ್ಬುಟ್ರೆ?" ಮಾವ ಸುಮ್ಮನಿರಲಾರದೆ ಕೇಳಿದ.

"ದಾರೀಲಿ ಬಿದ್ದ ಬೀಜ ಅಲ್ಲಲ್ಲೇ ಮೊಳೀತವೆ. ಆ ಗುಡ್ಡಕ್ಕೆ ಗಿಡ ನೆಟ್ಟೋರು ಯಾರೂ ಇಲ್ಲ ಕಣಪ್ಪ, ಇವೇ. ಸದ್ದಿಗೆ ಬೆದರಿ ಊರು ಬಿಟ್ಟೋದಾವು ಅಂತ, ಹೊತ್ತು ಮುಳುಗಿ ಇವು ಹಾರೋದ ಮೇಲೇನೇ ನಮ್ಮಲ್ಲಿ ಓಲಗ. ನನ್ನ ತಾಳೀನೂ ಸಂಜೇಲೇ ಕಟ್ಟಿದ್ದು."

ಮಾವ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ. ಆಮೇಲೆ ಎಷ್ಟೋ ಹೊತ್ತು ಮರದ ಕಡೆಗೇ ನೋಡುತ್ತಿದ್ದ.

ಹೊತ್ತು ಮುಳುಗಿತು. ನಾವಿಬ್ಬರೂ ಹಸೆಯ ಮೇಲೆ ಕೂತೆವು. ಮೊದಲು ಒಂದು ಬಾವಲಿ ಹಾರಿತು, ಆಮೇಲೆ ನಾಲ್ಕಾರು, ಆಮೇಲೆ ಸಾಲುಸಾಲಾಗಿ ಗುಡ್ಡದ ಕಡೆಗೆ. ಅಷ್ಟು ಜನ ಇದ್ದರೂ ಒಬ್ಬರೂ ಕೆಮ್ಮಲಿಲ್ಲ. ತಾಳಿ ನನ್ನ ಕೈಯಲ್ಲಿತ್ತು. ಪುರೋಹಿತರು ಒಮ್ಮೆ ಪಂಚಾಂಗ, ಒಮ್ಮೆ ಮರ ನೋಡುತ್ತಿದ್ದರು. ಮರ ಬರಿದಾಯಿತು ಎನಿಸಿ, "ಗಟ್ಟಿಮೇಳ" ಎಂದು ಕೈಯೆತ್ತಿದರು. ಡೋಲಿನವನು ಕೋಲು ಮೇಲೆತ್ತಿದ.

ಆ ಕೋಲನ್ನು ಗಬಕ್ಕನೆ ಹಿಡಿದವನು ನನ್ನ ಮಾವ. "ತಡಿಯಲಾ, ಒಂದ್ ತಾಯಿ ಇನ್ನೂ ಅಲ್ಲೇ ಐತೆ" ಎಂದು ಪಿಸುಗುಟ್ಟಿದ.

ನಿಜ. ಕೆಳಗಿನ ಕೊಂಬೆಯಲ್ಲಿ ಒಂದು ಉಳಿದಿತ್ತು. ಅದು ಮೈ ಕೊಡವಿ, ಮರಿಯನ್ನು ಎದೆಗವಚಿಕೊಂಡು ಹಾರಿ ಗುಡ್ಡದ ಕತ್ತಲಲ್ಲಿ ಸೇರಿಹೋಗುವವರೆಗೂ ಮಾವ ಕೋಲು ಬಿಡಲಿಲ್ಲ. ಬಿಟ್ಟ ಮೇಲೆ ಓಲಗ ಮೊಳಗಿದ್ದು ಹೇಗೆಂದರೆ, ಹಗಲಿಡೀ ಕಾದದ್ದನ್ನೆಲ್ಲ ಒಂದೇ ಉಸಿರಿಗೆ ತೀರಿಸಿಕೊಂಡಂತೆ. ಅವಸರದಲ್ಲಿ ತಾಳಿಯ ಮೊದಲ ಗಂಟು ಜಾರಿತು. ಕದುರಮ್ಮ ತಲೆ ಬಗ್ಗಿಸಿಕೊಂಡೇ, "ನಿಧಾನ" ಎಂದಳು.

ಮೊನ್ನೆ ಮೊಮ್ಮಗಳು ಪರಿಸರ ಪಾಠ ಓದಿಕೊಳ್ಳುತ್ತ, ಜೀವಿಗಳು ಒಂದನ್ನೊಂದು ನೆಚ್ಚಿಕೊಂಡಿರುವುದಕ್ಕೆ ಉದಾಹರಣೆ ಕೇಳಿದಳು. ನಾನು ನನ್ನ ಮದುವೆಯನ್ನೇ ಹೇಳಿದೆ. ಅವಳು ನಂಬಲಿಲ್ಲ, ಅಡುಗೆಮನೆಗೆ ಹೋಗಿ ಅಜ್ಜಿಯನ್ನು ಕೇಳಿ ಬಂದಳು. ಇಡೀ ಊರು ತನ್ನ ಶುಭಕಾರ್ಯದ ಹೊತ್ತನ್ನೇ ಒಂದು ಮರದ ಬಾವಲಿಗಳಿಗೆ ಬಿಟ್ಟುಕೊಟ್ಟಿದ್ದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಹಿರಿಯರ ಅಪ್ಪಣೆ ಪಡೆದು ತಾಳಿ ಕಟ್ಟಿದವರು ಊರೂರಿಗೂ ಇದ್ದಾರೆ. ನಾನು ಬಾವಲಿಗಳ ಅಪ್ಪಣೆಯನ್ನೂ ಪಡೆದು ಕಟ್ಟಿದವನು.