ಬೇಲಿಯಾಚೆಯ ಕೆಂಪು ವಿಮಾನ

ಬಳ್ಳಾರಿಯ ಕಾನ್ವೆಂಟ್ ಹಾಸ್ಟೆಲಿನಿಂದ ರಜೆಗೆ ಬರುವಾಗ ನನಗೆ ಬಸ್ಸಿನ ಎಡಗಡೆಯ ಕಿಟಕಿಯೇ ಬೇಕಿತ್ತು. ಕೊಟ್ಟೂರು ದಾಟಿ ಉಜ್ಜಿನಿಯ ತಿರುವು ಬಂತೆಂದರೆ ನಮ್ಮ ಮನೆಯ ಮಾಳಿಗೆ ಕಾಣುತ್ತಿತ್ತು. ಅದರ ಮೇಲೆ ಕೆಂಪು ಟವೆಲ್ ಬೀಸುತ್ತ ನನ್ನ ತಮ್ಮ. ನಾನು ಕಿಟಕಿಯಿಂದ ಕರ್ಚೀಫು ತೋರಿಸಬೇಕು. ನಮ್ಮ ಮನೆಯಲ್ಲಿ ಅದೊಂದು ರೂಲ್. ಬರುವವರನ್ನು ದೂರದಿಂದಲೇ ಗುರುತಿಸಿ ಕರೆದರೆ, ದಾರಿಯಲ್ಲಿ ಬೆನ್ನು ಹತ್ತಿದ ಪೀಡೆ ಒಳಗೆ ಬರುವುದಿಲ್ಲ ಎನ್ನುತ್ತಿದ್ದಳು ಅಜ್ಜಿ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಮೊದಲ ಸಲ ಬೆಂಗಳೂರಿನಿಂದ ಬಳ್ಳಾರಿ ಕಡೆಗೆ ವಿಮಾನದಲ್ಲಿ ಬಂದೆ. ತಮ್ಮ ಆಗ ಸೈನ್ಸ್ ಮಾಸ್ತರಿಕೆಯಿಂದ ರಿಟೈರ್ ಆಗಿ, ಥರ್ಮೋಕೋಲಿನಲ್ಲಿ ರಿಮೋಟ್ ವಿಮಾನ ಮಾಡುವ ಹುಚ್ಚು ಹಿಡಿಸಿಕೊಂಡಿದ್ದ. ಏರ್‌ಪೋರ್ಟಿನ ಹೊರಗೆ ಕಾರಿಗೆ ಒರಗಿ ನಿಂತಿದ್ದ, ಕೊರಳಲ್ಲಿ ರಿಮೋಟ್.

"ಕಂಡ್ತೇನಕ್ಕಾ?"

"ಏನೋ?"

"ನನ್ನ ಕೆಂಪು ವಿಮಾನ! ಬೇಲಿ ಆಚಿ ಹೊಲದಾಗ ನಿಂತು ಹಾರಿಸಿದ್ನಲ್ಲ. ಟವೆಲ್ ಬೀಸಿದ್ರ ಅಷ್ಟು ಮ್ಯಾಲಿಂದ ನಿನಗ ಕಾಣ್ತೈತೇನು?"

"ಗ್ಲಾಸಿಗೆ ಮೂಗು ಹಚ್ಚಿ ಕೂತಿದ್ದೆ. ಆನೆಸ್ಟ್ಲಿ, ಏನೂ ಕಾಣಲಿಲ್ಲ."

"ಚಾಳೀಸು ಹಾಕ್ಕೊಂಡಿದ್ದೇನು?"

"ಹಾಕ್ಕೊಂಡಿದ್ನೋ ಶ್ಯಾಣ್ಯಾ. ಎಲ್ಲೈತಿ ಅದು?"

"ನಿಮ್ಮ ವಿಮಾನ ಇಳಿದ ಮ್ಯಾಲೆ ನನಗೂ ಕಾಣವಲ್ದು. ವಾಪಸ್ ಬರಲಿಲ್ಲ."

ನಾನು ನಕ್ಕುಬಿಟ್ಟೆ. ಇಳಿಯುವ ಸ್ಪೀಡಿಗೆ ರನ್‌ವೇ ಬದಿಯ ಜಾಲಿಗಿಡಗಳೇ ಗೆರೆ ಎಳೆದ ಹಾಗೆ ಓಡುತ್ತಿದ್ದವು. ಎರಡು ಮೊಳದ ಥರ್ಮೋಕೋಲು ಯಾರ ಕಣ್ಣಿಗೆ ಬಿದ್ದೀತು?

ಕೂಡ್ಲಿಗಿ ದಾಟಿದೆವು. ತಮ್ಮ ತಟ್ಟನೆ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದ. ಸ್ಟೀರಿಂಗ್ ಬಿಟ್ಟು ನನ್ನ ಕಡೆ ತಿರುಗಿದ.

"ನಿನಗ ಕಾಣಲಿಲ್ಲಂದ್ರ ಪೈಲಟ್‌ಗೂ ಕಂಡಿರಂಗಿಲ್ಲ, ಅಕ್ಕಾ. ಅದು ಇಂಜಿನ್ನಾಗ ಹೊಕ್ಕಿದ್ರ?"

"ಹೊಗಲಿಲ್ಲಲ್ಲೋ. ಇಲ್ಲೇ ಕೂತೀನಿ, ನೋಡು."

ನೋಡಿದ. ನಾನು ಕೂತಿರುವುದು ಖಾತ್ರಿಯಾಗದವನಂತೆ ನನ್ನ ಮಣಿಕಟ್ಟು ಮುಟ್ಟಿ ನೋಡಿದ.

ಅಲ್ಲಿಂದಾಚೆ ಅವನು ಯಾರಿಗೂ ಟವೆಲ್ ಬೀಸಲಿಲ್ಲ. ನಾನು ಬಸ್ಸಿನಲ್ಲಿ ಬಂದರೂ ಮಾಳಿಗೆ ಬರಿದು. ಬಾಗಿಲಲ್ಲಿ ನಿಂತಿರುತ್ತಿದ್ದ, ಮೊದಲು ನನ್ನ ಕೈ ಮುಟ್ಟಿ, ಆಮೇಲೆ "ಬಂದಿ?" ಎನ್ನುತ್ತಿದ್ದ. ಬೆನ್ನು ಹತ್ತಿ ಬಂದದ್ದು ನನ್ನನ್ನಲ್ಲ, ಅವನನ್ನೇ ಎಂದು ಈಗ ಅನ್ನಿಸುತ್ತದೆ. ಆಮೇಲೆ ಅವನು ಹೆಚ್ಚು ದಿನ ಉಳಿಯಲಿಲ್ಲ.

ಅವನ ವರ್ಷದ ತಿಥಿಗೆ ಮತ್ತೆ ವಿಮಾನದಲ್ಲೇ ಹೊರಟೆ. ಎಡಗಡೆಯ ವಿಂಡೋ ಸೀಟು. ಇಳಿಯುವಾಗ ಬೇಲಿಯ ಆಚೆ ಕೆಂಪಗೆ ಏನೋ ರೆಕ್ಕೆ ವಾಲಿಸಿತು. ರೆಪ್ಪೆ ಬಡಿಯುವಷ್ಟರಲ್ಲಿ ಇಲ್ಲ.

ಪಕ್ಕದವರನ್ನು ಕೇಳಬಹುದಿತ್ತು. ಕೇಳಲಿಲ್ಲ. ಅಷ್ಟು ಸಣ್ಣದು ಇಳಿಯುವ ವಿಮಾನದಿಂದ ಯಾರಿಗೂ ಕಾಣುವುದಿಲ್ಲ, ನನಗೆ ಗೊತ್ತು. ಬ್ಯಾಗಿನಿಂದ ಕರ್ಚೀಫು ತೆಗೆದು ಗಾಜಿಗೆ ಹಿಡಿದೆ. ವಿಮಾನ ಪೂರ್ತಿ ನಿಲ್ಲುವ ತನಕ ಹಾಗೇ ಹಿಡಿದಿದ್ದೆ.