ಗಾಡಿ ಆಚಾರಿಯ ಹಾಯಿದೋಣಿ

ಹೆಬ್ಬಾಳದ ಮುನಿಶಾಮಾಚಾರಿಯವರಿಗೆ ತಪ್ಪು ಒಪ್ಪಿಕೊಳ್ಳುವ ಅಭ್ಯಾಸ ಇರಲಿಲ್ಲ. ಅಭ್ಯಾಸ ಆಗುವಂಥ ಸಂದರ್ಭವೇ ಬಂದಿಲ್ಲ ಎಂಬುದು ಅವರ ವಾದ. ಬಳ್ಳಾರಿ ರಸ್ತೆಯ ಪಕ್ಕ, ದೊಡ್ಡ ಹೊಂಗೆ ಮರದಡಿ ಅವರ ಕೊಟ್ಟಿಗೆ. ಅಲ್ಲಿ ಮೂವತ್ತು ವರ್ಷದಿಂದ ಎತ್ತಿನ ಗಾಡಿ ಮಾಡುತ್ತಿದ್ದರು. ಹೊಸ ಗಾಡಿ ಮುಗಿದ ದಿನ ಅದಕ್ಕೆ ರಾಗಿ ಮೂಟೆ ಹೇರಿಸಿ, ನೊಗದ ಕೆಳಗೆ ಒಂದು ಬೆರಳು ಕೊಟ್ಟು ಎತ್ತುತ್ತಿದ್ದರು. ನೊಗ ಎದ್ದರೆ ಗಾಡಿ ಸರಿಯಾಗಿದೆ ಎಂದರ್ಥ. ಏಳದಿದ್ದರೆ ಮೂಟೆ ಹೇರಿದವನಿಗೆ ಬುದ್ಧಿಯಿಲ್ಲ ಎಂದರ್ಥ. ಒಮ್ಮೆ ಯಲಹಂಕದ ಗಿರಾಕಿಯೊಬ್ಬ ಅಳತೆಪಟ್ಟಿ ಹಿಡಿದು ಗಾಡಿ ಅಳೆಯಲು ಹೋದಾಗ, "ಅಳ್ದು ತಗಳಾಕೆ ಇದೇನು ಬಟ್ಟೆ ಅಂಗಡಿಯಾ?" ಎಂದು ಮುಂಗಡ ವಾಪಸ್ ಕೊಟ್ಟು ಕಳಿಸಿದ್ದರು. ಆಮೇಲೆ ಅವರ ಕೆಲಸದ ಮೇಲೆ ಯಾರೂ ಪಟ್ಟಿ ಇಡಲಿಲ್ಲ.

ಇಂಥವರ ಕೈಗೆ ನಮ್ಮ ಅಪ್ಪ ಹೋಗಿ ಹಾಯಿದೋಣಿಯ ನಕ್ಷೆ ಕೊಟ್ಟರು. ಅದು ಐವತ್ತೇಳನೇ ಇಸವಿ. ನನಗೆ ಇಪ್ಪತ್ತಮೂರು ವರ್ಷ, ಮಿಡ್ಲ್ ಸ್ಕೂಲಿನಲ್ಲಿ ಮೇಡಂ. ಅಪ್ಪ ವೇಣುಗೋಪಾಲ್, ರೈಲ್ವೆಯಲ್ಲಿ ನಲವತ್ತು ವರ್ಷ ಸೇತುವೆಗಳ ನಕ್ಷೆ ಬಿಡಿಸಿ ನಿವೃತ್ತರಾಗಿದ್ದರು. ಅಷ್ಟು ಹೊಳೆಗಳ ಮೇಲೆ ಸೇತುವೆ ಬಿಡಿಸಿದ ಮನುಷ್ಯ ಒಂದು ದಿನವೂ ನೀರಿನ ಮೇಲೆ ಕೂತಿರಲಿಲ್ಲ. ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಯಾವುದೋ ಹಳೆಯ ಇಂಗ್ಲಿಷ್ ಪುಸ್ತಕದಿಂದ ನಕ್ಷೆ ಇಳಿಸಿಕೊಂಡಿದ್ದರು.

ಹನ್ನೆರಡಡಿ ಉದ್ದದ ಚಿಕ್ಕ ದೋಣಿ. ಹೆಂಚು ಹೊದಿಸಿದಂತೆ ಹಲಗೆಯ ಮೇಲೆ ಹಲಗೆ ಕೂರಿಸಿದ ದುಂಡು ಹೊಟ್ಟೆ. ಒಂದೇ ಹಾಯಿ, ಮೂತಿಯ ಹತ್ತಿರ ಒಂದೇ ಕಂಬ. ಹೊಟ್ಟೆಯ ನಡುವೆ ಒಂದು ಸೀಳು. ಅದರೊಳಗಿಂದ ನೀರಿಗೆ ಇಳಿಸುವ, ಬೇಡವಾದಾಗ ಎತ್ತುವ ಹಲಗೆ. ಗಾಳಿ ದೋಣಿಯನ್ನು ಅಡ್ಡಕ್ಕೆ ತಳ್ಳದಂತೆ ಆ ಹಲಗೆ ನೀರನ್ನು ಹಿಡಿದುಕೊಳ್ಳುತ್ತದಂತೆ. ಹಾಗಾಗಿಯೇ ಇಂಥ ದೋಣಿ ಎದುರುಗಾಳಿಗೂ ಅಡ್ಡಡ್ಡ ಹಾಯ್ದು ಮುಂದೆ ಹೋಗುತ್ತದಂತೆ. "ಮೇಲೆ ಹಾಯಿ ಎಳೆಯೋ ಜಾಗ, ಕೆಳಗೆ ಹಲಗೆ ಹಿಡಿಯೋ ಜಾಗ, ಇವೆರಡಕ್ಕೂ ಹೊಂದಾಣಿಕೆ ಇರ್ಬೇಕು ಗೋದಾ. ಇಲ್ದಿದ್ರೆ ದೋಣಿ ಹೇಳಿದ ಮಾತು ಕೇಳಲ್ಲ" ಎಂದು ಅಪ್ಪ ಊಟಕ್ಕೆ ಕೂತಾಗಲೂ ವಿವರಿಸುತ್ತಿದ್ದರು. ನಮ್ಮಮ್ಮ ಕೌಸಲ್ಯಾ, "ಮನೇಲಿ ಯಾರು ಯಾರ ಮಾತು ಕೇಳ್ತಾರೆ ಅಂತ ದೋಣಿ ಕೇಳ್ಬೇಕು?" ಎಂದು ಹುಳಿ ಬಡಿಸುತ್ತಿದ್ದಳು.

ಆಚಾರಿ ನಕ್ಷೆಯನ್ನು ನೆಲದ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದರು. ಅವರಿಗೆ ಓದು ಬರುತ್ತಿರಲಿಲ್ಲ, ಗೆರೆ ಬರುತ್ತಿತ್ತು. ಅಂಕಿಗಳನ್ನು ನನ್ನಿಂದ ಓದಿಸಿಕೊಂಡರು. ಮೂತಿಯಿಂದ ಕಂಬಕ್ಕಿರುವ ಅಳತೆ ಓದಿದಾಗ ಮಾತ್ರ ಮುಖ ಗಂಟಿಕ್ಕಿ ಬೆರಳು ಮಡಿಸಿ ಏನೋ ಎಣಿಸಿದರು. ಯಾಕೆಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ.

ನಾಲ್ಕು ತಿಂಗಳಲ್ಲಿ ದೋಣಿ ಸಿದ್ಧವಾಯಿತು. ಹಲಸಿನ ಹಲಗೆ, ಜಾಲಿಯ ಪಕ್ಕೆಲುಬು, ಮೈಗೆಲ್ಲ ಹೊಂಗೆಣ್ಣೆ. ಸುಳ್ಳೇಕೆ ಹೇಳಲಿ, ಅಷ್ಟು ಚೆಂದದ ವಸ್ತುವನ್ನು ನಾನು ಆವರೆಗೆ ನೋಡಿರಲಿಲ್ಲ. ಆಷಾಢ ಹುಟ್ಟುವ ಮೊದಲೇ ತೆಂಗಿನಕಾಯಿ ಒಡೆದು ಊರ ಕೆರೆಗೆ ಇಳಿಸಿದೆವು.

ಅಲ್ಲಿಗೆ ಸಂಭ್ರಮ ಮುಗಿಯಿತು. ಹಾಯಿ ಬಿಚ್ಚಿದ ತಕ್ಷಣ ದೋಣಿ ಗಾಳಿಯ ಕಡೆ ಮೂತಿ ತಿರುಗಿಸಿ ನಿಂತುಬಿಟ್ಟಿತು. ಅಪ್ಪ ಚುಕ್ಕಾಣಿಯನ್ನು ಎರಡೂ ಕೈಯಲ್ಲಿ ಎಳೆದು ಹೇಗೋ ದಾರಿಗೆ ತಂದರು; ನಾಲ್ಕು ಮಾರು ಹೋಗಿ ಮತ್ತೆ ಅದೇ ಹಟ. ಆಷಾಢದ ಗಾಳಿ ಜೋರಾದಂತೆ ಹಟವೂ ಜೋರಾಯಿತು. ತೂಬು ನೋಡಿಕೊಳ್ಳುವ ನೀರುಗಂಟಿ ಚಿಕ್ಕಹನುಮಯ್ಯನಿಗೆ ದಿನವೂ ಏರಿಯ ಮೇಲೆ ಪುಕ್ಕಟೆ ತಮಾಷೆ.

"ಆಚಾರಿ, ನಿನ್ ದೋಣಿಗೆ ಎರಡು ಎತ್ತು ಕಟ್ಟೋದು ಮರ್ತೆಯೇನೋ!"

ಆಚಾರಿ ಎಲೆಯಡಿಕೆ ಜಗಿಯುತ್ತ ಕೆರೆಯನ್ನೇ ನೋಡುತ್ತಿದ್ದರು. ಅಮ್ಮ ಮಾತ್ರ ತೀರ್ಪು ಕೊಟ್ಟಳು: ಆಷಾಢ ಮುಗಿಯುವುದರೊಳಗೆ ದೋಣಿ ಆಚೆ ದಡ ಮುಟ್ಟಿ ಬರದಿದ್ದರೆ ಹಂಡೆ ಒಲೆಗೆ ಸೌದೆ.

ಇದೆಲ್ಲ ನಗುವ ವಿಷಯವೇ. ನಗು ನಿಂತದ್ದು ಅಪ್ಪನಿಂದ. ತಪ್ಪು ತನ್ನ ನಕ್ಷೆಯಲ್ಲೇ ಇದೆ ಎಂದು ಅವರು ನಂಬಿಬಿಟ್ಟರು. ಆಚಾರಿಯ ಕೆಲಸವನ್ನು ಅಳೆಯುವ ಯೋಚನೆಯೂ ಅವರಿಗೆ ಬರಲಿಲ್ಲ. ನಕ್ಷೆಯನ್ನೇ ಎಂಟು ದಿನ ಮತ್ತೆ ಮತ್ತೆ ಬಿಡಿಸಿದರು. ಒಂದು ಬೆಳಿಗ್ಗೆ ಕಾಫಿ ಲೋಟ ಹಾಗೇ ಇಟ್ಟುಕೊಂಡು, "ಒಂದು ದೋಣಿ ನಕ್ಷೆ ಇಳಿಸ್ಕೊಳ್ಳೋಕೆ ಬರ್ಲಿಲ್ಲ ನನಗೆ. ಆ ಸೇತುವೆಗಳ ಮೇಲೆ ದಿನಾ ರೈಲು ಓಡ್ತಾವೆ ಗೋದಾ. ಅವನ್ನ ಹೇಗೆ ಬಿಡಿಸಿದ್ದೆನೋ" ಎಂದರು.

ನನಗೆ ಸಂಕಟವಾದರೆ ಸಿಟ್ಟು ಬರುತ್ತದೆ. ನೇರ ಕೊಟ್ಟಿಗೆಗೆ ಹೋದೆ.

"ಆಚಾರ್ರೇ, ಅಪ್ಪ ಊಟ ಬಿಟ್ಟಿದಾರೆ. ತಾನು ಬಿಡಿಸಿದ ಸೇತುವೆ ಎಲ್ಲ ಬಿದ್ದುಹೋಗುತ್ತೆ ಅಂತ ಕೂತಿದಾರೆ. ದೋಣಿ ಯಾಕೆ ಹೀಗಾಡ್ತಿದೆ ಅಂತ ನಿಮಗೆ ಗೊತ್ತಿದ್ರೆ ಹೇಳಿ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತಾದ್ರೂ ಹೇಳಿ!"

ಅವರು ಮರ ಕೆತ್ತುತ್ತಿದ್ದ ಬಾಚಿಯನ್ನು ಕೆಳಗಿಟ್ಟರು. "ಸೇತುವೆ ಅಂದ್ರಾ ಗೋದಮ್ಮ?" ಎಂದು ಒಂದೇ ಸಲ ಕೇಳಿದರು. ಆಮೇಲೆ ಅರ್ಧ ಕೆತ್ತಿದ್ದ ಚಕ್ರದ ಕಡೆ ತಿರುಗಿದರು. ನಾನು ಇನ್ನಷ್ಟು ಸಿಟ್ಟಾಗಿ ಶಾಲೆಗೆ ಹೋದೆ.

ಮಾರನೆಯ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಒಗೆದ ಪಂಚೆ ಉಟ್ಟು ನಿಂತಿದ್ದರು. ಕೂರಿ ಎಂದರೂ ಕೂರಲಿಲ್ಲ.

"ಸೋಮಿ, ನಿಮ್ ನಕ್ಸೆ ಸರಿಯಾಗೈತೆ. ಕಂಬ ತಪ್ಪಾಗಿ ನಿಲ್ಸಿರೋದು ನಾನು."

ಅಪ್ಪ ಪೆನ್ಸಿಲ್ ಹಿಡಿದೇ ಎದ್ದು ಬಂದರು.

ಆಚಾರಿ ಬಿಡಿಸಿ ಹೇಳಿದರು. ಅವರ ಕುಲದಲ್ಲಿ ಮನೆಯಾಗಲಿ ಗಾಡಿಯಾಗಲಿ ಆಯ ನೋಡದೆ ಅಳತೆ ಇಡುವುದಿಲ್ಲ. ಅಂಗುಲಗಳನ್ನು ಎಂಟರಿಂದ ಭಾಗಿಸಬೇಕು, ಉಳಿದದ್ದು ಆಯ. ಒಂದು ಉಳಿದರೆ ಧ್ವಜಾಯ, ಐದು ಉಳಿದರೆ ವೃಷಭಾಯ, ಏನೂ ಉಳಿಯದಿದ್ದರೆ ಕಾಕಾಯ. ನಕ್ಷೆಯ ಪ್ರಕಾರ ಮೂತಿಯಿಂದ ಕಂಬಕ್ಕೆ ಇಪ್ಪತ್ತನಾಲ್ಕು ಅಂಗುಲ. ಅಂದರೆ ಕಾಗೆಯ ಆಯ.

"ಕಾಕಾಯದಾಗೆ ಕಂಬ ನಿಲ್ಸಿ ನಿಮ್ಮನ್ನ ನೀರಿಗೆ ಕಳ್ಸೋಕೆ ಮನಸಾಗ್ಲಿಲ್ಲ ಸೋಮಿ. ಭಾರ ಓರೋ ವಸ್ತುವಿಗೆ ಎತ್ತಿನ ಆಯ ಒಳ್ಳೇದು ಅಂತ ಐದಂಗಲ ಇಂದಕ್ಕೆ ತಳ್ದೆ. ನಿಮ್ಗೆ ಏಳ್ದಂಗೆ ಮಾಡ್ದೆ. ಆಮ್ಯಾಕೆ ಏಳಾಕೆ ನಾಚ್ಕೆ ಆಯ್ತು."

ಇಷ್ಟು ಹೇಳಿ ನೆಲ ನೋಡುತ್ತ ನಿಂತರು. ಅಪ್ಪ ಜೋರಾಗಿ ನಗಲು ಶುರುಮಾಡಿದರು. ಎಂಟು ದಿನದ ನಗುವೆಲ್ಲ ಒಟ್ಟಿಗೇ ಬಂತು. ಆಮೇಲೆ ಪೆನ್ಸಿಲ್ಲಿನಿಂದ ತೋರಿಸಿದರು: ಕಂಬ ಹಿಂದಕ್ಕೆ ಹೋದರೆ ಹಾಯಿಯೂ ಹಿಂದಕ್ಕೆ, ಆಗ ಗಾಳಿ ದೋಣಿಯ ಬೆನ್ನನ್ನು ತಳ್ಳಿ ಮೂತಿಯನ್ನು ತನ್ನ ಕಡೆಗೇ ತಿರುಗಿಸಿಕೊಳ್ಳುತ್ತದೆ. ಕಂಬವನ್ನು ಇಪ್ಪತ್ತನಾಲ್ಕಕ್ಕೇ ತರಬೇಕು ಎಂದರು.

"ಇಪ್ಪತ್ನಾಕು ಆಗಲ್ಲ ಸೋಮಿ" ಎಂದರು ಆಚಾರಿ. ತಪ್ಪು ಒಪ್ಪಿಕೊಂಡು ಐದು ನಿಮಿಷವೂ ಆಗಿರಲಿಲ್ಲ! "ಇಪ್ಪತ್ತೈದು. ಒಂದು ಉಳೀತದೆ, ಧ್ವಜಾಯ. ಇದು ಎತ್ತು ಎಳ್ಯೋ ವಸ್ತು ಅಲ್ಲ, ಬಟ್ಟೆ ಕಟ್ಕಂಡು ಗಾಳೀಲಿ ಓಗೋ ವಸ್ತು. ಮೊದ್ಲೇ ಒಳೀಬೇಕಾಗಿತ್ತು ನಂಗೆ."

"ಒಂದಂಗುಲ ಹೆಚ್ಚಾಗುತ್ತಲ್ಲ ಆಚಾರ್ರೇ. ಇನ್ನೂ ಸ್ವಲ್ಪ ಗಾಳಿ ಕಡೆ ತಿರುಗುತ್ತೆ."

"ತಿರುಗ್ಲಿ. ಗಾಡಿ ಪೂರಾ ಸಮ ತೂಗಿದ್ರೆ ನೊಗ ಎತ್ತಿನ ಕತ್ ಮ್ಯಾಲೆ ಕೂರಲ್ಲ, ಕುಣೀತದೆ. ವಸಿ ಭಾರ ಕತ್ತಿಗೆ ತಗಲ್ತಿರ್ಬೇಕು. ಆಗ ಎತ್ತಿಗೂ ಗಾಡಿ ಐತೆ ಅಂತ ಗೊತ್ತಾಯ್ತದೆ."

ಅಪ್ಪ ವಾದ ಮಾಡಲಿಲ್ಲ. ನಲವತ್ತು ವರ್ಷದ ಕೆಲಸದ ಮೇಲಿನ ನಂಬಿಕೆ ವಾಪಸ್ ಸಿಕ್ಕ ಮನುಷ್ಯ ಒಂದಂಗುಲಕ್ಕೆ ಜಗಳ ಆಡುತ್ತಾನೆಯೇ?

ಮೂರು ದಿನದಲ್ಲಿ ಕಂಬ ನಾಲ್ಕಂಗುಲ ಮುಂದೆ ಬಂತು. ಆಷಾಢದ ಕೊನೆಯ ಭಾನುವಾರ ಅಮ್ಮನೂ ಏರಿಗೆ ಬಂದಳು, ಸೌದೆ ಲೆಕ್ಕ ಹಾಕುವವಳಂತೆ ಸೆರಗು ಸಿಕ್ಕಿಸಿಕೊಂಡು. ಹಾಯಿ ಏರಿತು. ದೋಣಿ ಒಂದು ಕ್ಷಣ ನಿಂತು, ಮೆಲ್ಲಗೆ ಒಂದು ಮಗ್ಗುಲಿಗೆ ವಾಲಿ, ಹೊರಟೇಬಿಟ್ಟಿತು. ಎದುರುಗಾಳಿಗೆ ಬಲಕ್ಕೊಮ್ಮೆ ಎಡಕ್ಕೊಮ್ಮೆ ಹಾಯುತ್ತ ಆಚೆ ದಡ ಮುಟ್ಟಿತು. ಚುಕ್ಕಾಣಿಯ ಮೇಲೆ ಅಪ್ಪನ ಎರಡೇ ಬೆರಳು. ನಾನು ನನ್ನ ಶಾಲೆಯ ಮಕ್ಕಳಿಗಿಂತ ಜೋರಾಗಿ ಕೂಗಿದೆ. ಚಿಕ್ಕಹನುಮಯ್ಯ ತಲೆಯ ಟವೆಲ್ ಬಿಚ್ಚಿ ಬೀಸಿದ.

ಮರಳಿ ಬರುವಾಗ ಕೆರೆಯ ನಡುವೆ ಅಪ್ಪ ನಮಗೆ ಕೈ ಬೀಸಲು ಎದ್ದು ನಿಂತರು. ಸೇತುವೆ ಬಿಡಿಸುವವರಿಗೆ ನೆಲ ಅಲುಗಾಡುತ್ತದೆ ಎಂದು ಗೊತ್ತಿರುವುದಿಲ್ಲ. ದೊಪ್ಪನೆ ನೀರಿಗೆ ಬಿದ್ದರು.

ಚಿಕ್ಕಂದಿನಲ್ಲಿ ಕಲ್ಯಾಣಿಯಲ್ಲಿ ಈಜಿದವರು, ಮುಳುಗುವವರಲ್ಲ. ಆದರೆ ಆ ಗಾಳಿಯಲ್ಲಿ ಹಾಯಿ ತುಂಬಿಕೊಂಡ ದೋಣಿ ಹೊರಟುಹೋದರೆ ಅರವತ್ತು ವರ್ಷದವರು ಅದನ್ನು ಹಿಡಿಯುವುದುಂಟೇ? ಅಮ್ಮ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು.

ದೋಣಿ ಹೋಗಲಿಲ್ಲ. ಚುಕ್ಕಾಣಿ ಬಿಟ್ಟ ತಕ್ಷಣ ತಾನೇ ಮೆಲ್ಲಗೆ ಗಾಳಿಯ ಕಡೆ ಮೂತಿ ತಿರುಗಿಸಿತು. ಹಾಯಿ ಪಟಪಟ ಬಡಿದುಕೊಳ್ಳುತ್ತ ಜೋಲಾಯಿತು. ದೋಣಿ ಅಪ್ಪನಿಂದ ಹತ್ತು ಮಾರು ದೂರದಲ್ಲಿ ನಿಂತಿತು. ಅಪ್ಪ ಈಜಿ ಬಂದು ಹಿಂಬದಿಯಿಂದ ಹತ್ತಿಕೊಂಡರು.

"ಒಂದಂಗಲ" ಎಂದರು ಆಚಾರಿ, ಯಾರಿಗೂ ಅಲ್ಲ.

ಮನೆಗೆ ಬಂದ ಅಪ್ಪ ಒದ್ದೆ ಬಟ್ಟೆಯಲ್ಲೇ ನಕ್ಷೆ ಹರಡಿದರು. ಇಪ್ಪತ್ತನಾಲ್ಕನ್ನು ಅಳಿಸಿ ಇಪ್ಪತ್ತೈದು ಬರೆದರು. ಕೆಳಗಿನ ಮೂಲೆಯಲ್ಲಿ, ಆಫೀಸಿನ ಪದ್ಧತಿಯಂತೆ, ಎರಡು ಚೌಕ ಹಾಕಿದರು. ಮೊದಲನೆಯದರಲ್ಲಿ ತಮ್ಮ ಹೆಸರು. ಎರಡನೆಯ ಚೌಕ ಮೇಲಧಿಕಾರಿಗಳದು. ನಲವತ್ತು ವರ್ಷ ಅದರಲ್ಲಿ ದೊರೆಗಳು, ಸಾಹೇಬರು ರುಜು ಹಾಕಿದ್ದರು. ಅಪ್ಪ ಅಲ್ಲಿ ದುಂಡಗೆ ಏನೋ ಬರೆದು ಪೆನ್ಸಿಲ್ ಇಟ್ಟರು.

ಬಾಗಿಲಲ್ಲಿ ನಿಂತಿದ್ದ ಆಚಾರಿ ಬಗ್ಗಿ ನೋಡಿದರು. "ಏನ್ ಬರ್ದವ್ರೆ ಗೋದಮ್ಮ?"

ನಾನು ಓದಿದೆ: "ತಿದ್ದಿದವರು: ಹೆಬ್ಬಾಳದ ಮುನಿಶಾಮಾಚಾರಿ."

ಅವರು ಹೆಗಲ ಮೇಲಿನ ವಸ್ತ್ರ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. "ಇನ್ನೊಂದ್ ಸತಿ ಓದವ್ವ" ಎಂದರು. ಮತ್ತೆ ಓದಿದೆ. ಅದಾದ ಮೇಲೂ ಎರಡು ಸಲ ಓದಿಸಿದರು. ಐದನೆಯ ಸಲ ಅಮ್ಮನೇ ಅಡುಗೆಮನೆಯಿಂದ ಬಂದು ಓದಿದಳು.