ರಹಮತ್‌ನ ಗೋಲಿ ಸವೆದಿರಲಿಲ್ಲ

ರಹಮತ್, ಆ ಗೋಲಿ ಸವೆದಿರಲಿಲ್ಲ. ನಾನು ಬದಲಾಯಿಸಿದ್ದೆ. ನಿನ್ನ ಮಗಳ ಗೋಲಿಯನ್ನು ಕದ್ದು, ಅದರ ಬದಲು ನನ್ನದೊಂದನ್ನು ನಿನ್ನ ಕೈಗಿಟ್ಟಿದ್ದೆ. ನೀನು ಬದುಕಿದ್ದಾಗ ಹೇಳಬೇಕಿದ್ದ ಮಾತು. ನೀನು ಮಣ್ಣಿಗೆ ಹೋಗಿ ಎಂಟು ತಿಂಗಳಾದ ಮೇಲೆ ಹೇಳುತ್ತಿದ್ದೇನೆ — ಕಳ್ಳ ಎನ್ನು, ಹೇಡಿ ಎನ್ನು, ಎರಡೂ ನಿಜ.

ನಮ್ಮಿಬ್ಬರನ್ನೂ ಅರಿಯದವರು ಇದನ್ನು ಓದಬಹುದು, ಅವರಿಗೂ ತಿಳಿಯಲಿ. ನಾನು ಸ್ವಾಮಿ, ಚನ್ನಪಟ್ಟಣದಲ್ಲಿ ನನಗೆ ಕನ್ನಡಕದ ಅಂಗಡಿ. ಎರಡು ಬೀದಿ ಆಚೆ ನೀನು ಮರದ ಬೊಂಬೆ ಮಾಡುತ್ತಿದ್ದೆ. ಶಾಲೆಯಲ್ಲಿ ಇಬ್ಬರದೂ ಒಂದೇ ಬೆಂಚು. ನನಗೆ ಹಳೆಯ ಗಾಜಿನ ಗೋಲಿಗಳ ಹುಚ್ಚು. ವಿರೂಪಾಕ್ಷಿಪುರದ ಅಟ್ಟಗಳಿಂದ ಹಿಡಿದು ಕನಕಪುರದ ಗುಜರಿ ಅಂಗಡಿಗಳವರೆಗೆ ತಡಕಾಡಿ ಕೂಡಿಸಿದ್ದೆ. ಬಹಳ ಹಿಂದೆ ಜರ್ಮನಿಯಿಂದ ಬಂದ ಕೈಕೆಲಸದ ಗೋಲಿಯನ್ನು ಗುರುತಿಸುವುದು ಅಂಥ ಕಷ್ಟವಲ್ಲ. ಕಾದ ಗಾಜಿನ ಕೋಲಿನಿಂದ ಅದನ್ನು ಕತ್ತರಿಸಿ ತೆಗೆದ ಕಡೆ ಒಂದು ಒರಟು ಗುರುತು ಉಳಿದಿರುತ್ತದೆ. ನಾವಿಬ್ಬರೂ ಅದನ್ನು ಹೊಕ್ಕುಳು ಎನ್ನುತ್ತಿದ್ದೆವು. ಯಂತ್ರದ ಗೋಲಿಗೆ ಅದಿಲ್ಲ, ಮೈಯೆಲ್ಲ ನುಣುಪು.

ನಿನ್ನದು ನಿಮ್ಮ ತಾತನ ಡಬ್ಬಿಯ ಗೋಲಿ. ಒಳಗೆ ಬಿಳಿ ಎಳೆಗಳ ಜಾಲರಿ, ಸುತ್ತ ಕೆಂಪು ನೀಲಿ ಪಟ್ಟಿ. ನಿನ್ನ ಮಗಳು ಶಬಾನಾ ಅದರ ಹೊಕ್ಕುಳನ್ನು ಹೆಬ್ಬೆರಳಲ್ಲಿ ಉಜ್ಜುತ್ತಲೇ ನಿದ್ದೆ ಹೋಗುತ್ತಿದ್ದಳು. ಆರು ವರ್ಷದ ಮಗು — ಮೆದುಳು ಜ್ವರ ಬಂದು ಮೂರೇ ದಿನದಲ್ಲಿ ಹೋದಳು. ಆಮೇಲೆ ಆ ಗೋಲಿ ನಿನ್ನ ಅಂಗಿಯ ಜೇಬಿಗೆ ಬಂತು. ಬೆಳಿಗ್ಗೆ ಕಡೆಯುವ ಮಿಷನ್ನಿಗೆ ಮರ ಕೊಡುವ ಮುಂಚೆ ನೀನೂ ಒಂದು ಸಲ ಹಾಗೆಯೇ ಉಜ್ಜುತ್ತಿದ್ದೆ. ಇಪ್ಪತ್ತೆರಡು ವರ್ಷ. ಮಗಳ ಬೆರಳು ತಾಗಿದ ಜಾಗ ಎಂದು ನನ್ನ ಹತ್ತಿರ ಮಾತ್ರ ಹೇಳಿಕೊಂಡಿದ್ದೆ.

ನನ್ನ ಸಂಗ್ರಹದಲ್ಲಿ ಅಂಥದೊಂದು ಇರಲಿಲ್ಲ. ಇಷ್ಟೇ ಕಾರಣ — ಇದಕ್ಕಿಂತ ದೊಡ್ಡದಿದ್ದರೆ ಹೇಳಿಕೊಳ್ಳಲಾದರೂ ಆಗುತ್ತಿತ್ತು. "ಲೆನ್ಸ್ ಕೆಳಗಿಟ್ಟು ನೋಡ್ತೀನಿ, ಎರಡ್ ದಿನ ಬುಟ್ಟಿರು" ಎಂದು ನಾನೇ ಕೇಳಿದೆ. ನೀನು ಎರಡನೆಯ ಮಾತಾಡದೆ ಕೊಟ್ಟೆ.

ಬಣ್ಣದಲ್ಲಿ ಹೆಚ್ಚುಕಡಿಮೆ ಹಾಗೆಯೇ ಇದ್ದ ಯಂತ್ರದ ಗೋಲಿಯೊಂದು ನನ್ನಲ್ಲಿತ್ತು. ಎಳೆಗಳು ಅಷ್ಟು ನಾಜೂಕಲ್ಲ. ಆದರೆ ನಿನ್ನ ಕನ್ನಡಕ ಮಾಡಿಕೊಟ್ಟವನು ನಾನು. ನಿನ್ನ ಕಣ್ಣಿಗೆ ಪೊರೆ ಬರುತ್ತಿದ್ದುದು, ನಿನಗೆ ಎಷ್ಟು ಕಾಣುತ್ತದೆ ಎಷ್ಟು ಕಾಣುವುದಿಲ್ಲ ಎಂಬುದು ನಿನಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ಅದನ್ನೇ ನೆಚ್ಚಿಕೊಂಡು ಬದಲಾಯಿಸಿದೆ. ಥೂ, ನನ್ನ ಜನ್ಮಕ್ಕಿಷ್ಟು. ನಿನ್ನ ಹೆಬ್ಬೆರಳು ನನಗೆ ನೆನಪೇ ಆಗಲಿಲ್ಲ.

ಬದಲಿ ಗೋಲಿಯನ್ನು ನಿನಗೆ ಕೊಟ್ಟ ಮರುದಿನವೇ ನೀನು ಅಂಗಡಿಗೆ ಬಂದೆ. ಬೆರಳ ಸಂದಿಯಲ್ಲಿ ಬೊಂಬೆಗೆ ಬಳಿಯುವ ಅರಗಿನ ಕೆಂಪು ಹಾಗೇ ಇತ್ತು.

"ಸ್ವಾಮಿ, ಒಸಿ ನೋಡ್ಲಾ. ಇದ್ರ ಹೊಕ್ಕುಳು ಸಿಕ್ತಾ ಇಲ್ಲ. ಬೆಳಿಗ್ಗೆಯಿಂದ ಹುಡುಕ್ತಾ ಇವ್ನಿ."

ಆಗ ಹೇಳಬಹುದಿತ್ತು. ಕೈತಪ್ಪಿ ಅದಲುಬದಲಾಯಿತು ಎಂದು ಸುಳ್ಳನ್ನಾದರೂ ಹೇಳಿ ನಿನ್ನದನ್ನು ನಿನಗೆ ಕೊಡಬಹುದಿತ್ತು — ಅದನ್ನಿಟ್ಟ ಡ್ರಾಯರ್ ಇದ್ದದ್ದು ಒಂದು ಮೊಳ ದೂರದಲ್ಲಿ. ನಾನು ಲೆನ್ಸ್ ಹಿಡಿದೆ, ತಿರುಗಿಸಿ ತಿರುಗಿಸಿ ನೋಡಿದೆ, ಎಲ್ಲ ಬಲ್ಲವನ ಗತ್ತಿನಲ್ಲಿ ಹೇಳಿದೆ:

"ಸವೆದೋಗೈತೆ ಕಣ್ಲಾ. ಇಷ್ಟ್ ವರ್ಷ ನೀನು ಉಜ್ಜಿದ್ದು ಒಸೀನಾ? ಗಾಜು ಎಷ್ಟೂಂತ ತಡೀತದೆ?"

ಹೆಬ್ಬೆರಳಿಗೆ ಗಾಜು ಸವೆಯುವುದಿಲ್ಲ. ಬೇರೆ ಯಾರಿಗೆ ಹೇಳಿದ್ದರೂ ನಕ್ಕುಬಿಡುತ್ತಿದ್ದರೋ ಏನೋ. ಆದರೆ ದಿನವಿಡೀ ಉಜ್ಜಿ ಉಜ್ಜಿಯೇ ಒರಟು ಮರವನ್ನು ನುಣುಪು ಮಾಡುವವನು ನೀನು, ತಾಳೆಗರಿ ಒತ್ತಿ ಅರಗಿಗೆ ಹೊಳಪು ತರುವವನು — ಕೈ ತಾಗಿದರೆ ಎಲ್ಲವೂ ಸವೆಯುತ್ತದೆ ಎಂದು ನಿನಗಿಂತ ಹೆಚ್ಚು ಯಾರು ಬಲ್ಲರು? ನೀನು ನಿನ್ನ ಹೆಬ್ಬೆರಳನ್ನು ನೋಡಿಕೊಂಡೆ.

"ನಾನೇ ಸವ್ಸ್‌ಬುಟ್ನಾ?"

ನಾನು ಹೂಂ ಎಂದೆ. ಹೂಂ ಎಂದೆನಲ್ಲ, ರಹಮತ್...

ಆವತ್ತಿನಿಂದ ನೀನು ಅದನ್ನು ಮುಟ್ಟಲಿಲ್ಲ. ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದೆ ಎಂದು ನೀನೇ ಹೇಳಿದೆ. ನಾಲ್ಕು ವರ್ಷ ನಾವು ಒಟ್ಟಿಗೆ ಟೀ ಕುಡಿದೆವು. ಒಂದು ದಿನ "ಮಗೀನ ಗುರುತ ನನ್ ಕೈಯಾರೆ ಅಳಿಸ್‌ಬುಟ್ಟೆ ಕಣ್ಲಾ" ಎಂದು ನೀನು ಅನ್ನುವಾಗ ನಾನು ಟೀಯಲ್ಲಿ ಬನ್ನು ಅದ್ದುತ್ತಿದ್ದೆ. ಅದ್ದಿ ತಿಂದೆ ಕೂಡ. ಕದ್ದದ್ದರಿಂದ ನನಗೆ ಸುಖವಿತ್ತೇ ಎಂದರೆ ಅದೂ ಇಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ, ಅಂಗಡಿಗೆ ಯಾರು ಬಂದರೂ ಕಣ್ಣು ಡ್ರಾಯರಿನ ಕಡೆಗೇ. ಆದರೂ ಹಿಂದಿರುಗಿಸಲಿಲ್ಲ. ಹೇಳಿದರೆ ನಿನ್ನನ್ನು ಕಳೆದುಕೊಳ್ಳುತ್ತೇನೆ ಎಂಬ ಭಯ. ನೀನು ಹೇಗೂ ಹೋದೆ — ಕೆಲಸಕ್ಕೆ ಕೂತಲ್ಲೇ, ಎದೆ ಹಿಡಿದುಕೊಂಡು.

ಮೊನ್ನೆ ನಿನ್ನ ಮನೆಗೆ ಹೋಗಿದ್ದೆ. ನಿನ್ನ ಹೆಂಡತಿ ಜುಬೇದಾ ಬಾಗಿಲು ತೆರೆದರು. ಒಳಗೆ ಕೂರದೆ, ನಿಂತೇ ಎಲ್ಲವನ್ನೂ ಹೇಳಿದೆ, ಏನನ್ನೂ ಬಿಡದೆ. ಗೋಲಿಯನ್ನು ಅವರ ಅಂಗೈಗೆ ಹಾಕಿದೆ. ಅವರ ಹೆಬ್ಬೆರಳು ಅದರ ಮೈಮೇಲೆ ಸ್ವಲ್ಪ ಹೊತ್ತು ಆಡಿ, ಹೊಕ್ಕುಳ ಮೇಲೆ ನಿಂತಿತು. ಬಯ್ಯಲಿ ಎಂದು ಕಾದೆ.

"ಒಂದ್ಸಲ ನಾನೂ ಅವ್ರನ್ನ ಕೇಳಿದ್ದೆ ಸ್ವಾಮಣ್ಣ, ಒಸಿ ಕೈಗೆ ಕೊಡಿ ಅಂತ," ಎಂದರು. "ಬ್ಯಾಡ, ಉಳ್ದಿರೋದ್ನ ನೀನೂ ಸವ್ಸ್‌ಬುಡ್ತೀಯ ಅಂದ್ರು. ಪೆಟ್ಗೆಗೆ ಬೀಗ ಹಾಕ್‌ಬುಟ್ರು. ನಾನು ಅವ್ಳ ತಾಯಿ ಅಲ್ವಾ."

ಮುಷ್ಟಿ ಮುಚ್ಚಿಕೊಂಡು ಒಳಗೆ ಹೋದರು. ಕ್ಷಮೆ ಕೇಳಲೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಹೋಗಿದ್ದೆ. ಕೇಳಲಿಲ್ಲ. ನಿನ್ನೊಬ್ಬನಿಂದ ಕದ್ದೆ ಎಂದೇ ಇಷ್ಟು ದಿನ ತಿಳಿದಿದ್ದೆ, ರಹಮತ್.